ಟೆಕ್ಸಸ್‌ನಲ್ಲಿ ಇಬ್ಬರು ಸಂಪಾದಕರು

ಸತ್ತು ನೂರು ವರ್ಷ ದಾಟಿದ ಒಬ್ಬ ಪತ್ರಿಕಾ ಸಂಪಾದಕನನ್ನು ಹುಡುಕಿಕೊಂಡು ನಾನು ಟೆಕ್ಸಸ್‌ಗೆ ಹೋಗಿದ್ದೆ. ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುತ್ತಿದ್ದ ಅಧಿಕಾರಿಗೆ ಇದನ್ನು ಇದ್ದ ಹಾಗೆ ಹೇಳಿದ್ದು ಮೊದಲ ತಪ್ಪು.

"ಯಾರನ್ನು ನೋಡಲು ಬಂದಿದ್ದೀರಿ?"

"ಒಬ್ಬ ಪತ್ರಿಕಾ ಸಂಪಾದಕರನ್ನು."

"ಅವರು ಎಲ್ಲಿದ್ದಾರೆ?"

"ಸ್ಮಶಾನದಲ್ಲಿ."

ಅಧಿಕಾರಿ ತಲೆಯೆತ್ತಿ ನೋಡಿದರು. ದೊಡ್ಡ ಮೀಸೆಯ ಆ ಮನುಷ್ಯನ ಮುಖ ಮೆತ್ತಗಾಯಿತು. ನಿಮ್ಮ ದುಃಖ ಅರ್ಥವಾಗುತ್ತದೆ ಮ್ಯಾಮ್, ಎಂದು ಬೆರಳಚ್ಚು ತೆಗೆದುಕೊಂಡು ಒಳಗೆ ಬಿಟ್ಟರು. ಹಿಂದೆ ಸಾಲು ಉದ್ದವಿತ್ತು. ತಿದ್ದಲು ಹೋಗದೆ ಥ್ಯಾಂಕ್ಯೂ ಎಂದೆ.

ನಾನು ಇತಿಹಾಸ ಓದಿದವಳು. ಮೈಸೂರಿನ ಪ್ರಕಾಶಕರೊಬ್ಬರಿಗಾಗಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪತ್ರಕರ್ತನೊಬ್ಬನ ಪುಟ್ಟ ಜೀವನಚರಿತ್ರೆ ಬರೆಯುತ್ತಿದ್ದೇನೆ. ಪತ್ರಿಕೆ ನಡೆಸಿ, ರಾಜಕಾರಣಿಗಳನ್ನು ಗೇಲಿ ಮಾಡಿ, ಕೊನೆಗೆ ತಾನೇ ರಾಜಕಾರಣಿಯಾದವನು. ಹೆಸರು ಹೇಳಿದರೆ ನಿಮಗೆ ಗೊತ್ತಾಗುವುದಿಲ್ಲ. ಟೆಕ್ಸಸ್‌ನವರಿಗೂ ಗೊತ್ತಿಲ್ಲ, ಕೇಳಿ ನೋಡಿದ್ದೇನೆ. ಹಾಗಾಗಿ ಇಲ್ಲಿ ಅವನನ್ನು ಸಂಪಾದಕ ಎಂದಷ್ಟೇ ಕರೆಯುತ್ತೇನೆ.

ಫ್ಲವರ್ ಮೌಂಡ್

ಉಳಿದುಕೊಂಡದ್ದು ಅಮ್ಮನ ಕಾಲೇಜು ಗೆಳತಿ ಸುಮಿತ್ರಾ ಆಂಟಿಯ ಮನೆಯಲ್ಲಿ. ಆಂಟಿ ಮೈಸೂರಿನವರು, ಅವರ ಗಂಡ ವಿರೂಪಾಕ್ಷ ಅಂಕಲ್ ಧಾರವಾಡದವರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಇಬ್ಬರ ಕನ್ನಡ ಒಂದಕ್ಕೊಂದು ಸೋಕಿಲ್ಲ. ಡಲ್ಲಾಸ್ ಪಕ್ಕದ ಈ ಊರಿನ ಹೆಸರಿನಲ್ಲಿ ಹೂವೂ ಇದೆ, ದಿಬ್ಬವೂ ಇದೆ. ನನಗೆ ಕಂಡದ್ದು ಒಂದೇ ಬಣ್ಣದ ಇಟ್ಟಿಗೆ ಮನೆಗಳು ಮತ್ತು ಯಾರೂ ನಡೆಯದ ಕಾಲುದಾರಿಗಳು.

ಇಲ್ಲಿ ನಾಲ್ಕು ರಸ್ತೆ ಕೂಡುವ ಕಡೆ ಹಲವೆಡೆ ಪೊಲೀಸರಿಲ್ಲ, ದೀಪವೂ ಇಲ್ಲ. ನಾಲ್ಕೂ ಬದಿಗೆ 'ನಿಲ್ಲಿ' ಎಂಬ ಕೆಂಪು ಫಲಕ ಮಾತ್ರ. ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಆಶ್ಚರ್ಯವೆಂದರೆ ಹಾಗೆಯೇ ಹೋಗುತ್ತಾರೆ. ಮೈಸೂರಿನಲ್ಲಿ ಈ ಪದ್ಧತಿ ತಂದರೆ ಮೊದಲು ಬಂದವರು ಯಾರೆಂದು ತೀರ್ಮಾನಿಸಲು ಪಕ್ಕದಲ್ಲೇ ಒಂದು ಕೋರ್ಟು ಕಟ್ಟಬೇಕಾಗುತ್ತದೆ. ಅಂಕಲ್ ಮಾತ್ರ ತಮ್ಮ ಸರದಿ ಬಂದಾಗಲೂ ಎದುರಿನವರಿಗೆ ಕೈಬೀಸಿ 'ನೀವು ಹೋಗಿ' ಎನ್ನುತ್ತಿದ್ದರು. ಅವರು ಇವರಿಗೆ ಕೈಬೀಸುತ್ತಿದ್ದರು. ಟೆಕ್ಸಸ್‌ನಲ್ಲಿ ನಾನು ಹಾರ್ನ್ ಕೇಳಿದ್ದು ಅಂಕಲ್ ಕಾರಿನಲ್ಲಿ ಕೂತಿದ್ದಾಗ ಮಾತ್ರ.

ಅಂಕಲ್ ಅಲ್ಲಿನ ಕನ್ನಡ ಸಂಘದ ಪತ್ರಿಕೆಯ ಸಂಪಾದಕರು. ಇದು ನನಗೆ ಹೋದ ಮೇಲೆ ತಿಳಿದದ್ದು. ಅಧ್ಯಕ್ಷರು ಬಂದರು, ಹೋದರು. ಅಂಕಲ್ ವರ್ಷಗಟ್ಟಲೆ ಅಲ್ಲೇ ಇದ್ದರು. ಹಳೆಯ ಸಂಚಿಕೆಗಳನ್ನು ಓದಲು ಕೊಟ್ಟರು. ಸಂಪಾದಕೀಯಗಳು ನಿಜಕ್ಕೂ ಚೆನ್ನಾಗಿದ್ದವು. ದೀಪಾವಳಿಯ ಊಟದ ಸಾಲು ಪಾರ್ಕಿಂಗ್ ಲಾಟ್ ತಲುಪಿದ್ದು, ಮುಖ್ಯ ಅತಿಥಿ ಭಾಷಣ ಮುಗಿಸುವಷ್ಟರಲ್ಲಿ ಸಾರು ಆರಿದ್ದು, ಎಲ್ಲವನ್ನೂ ಹೆಸರು ಹೇಳದೆ, ಯಾರೆಂದು ಗೊತ್ತಾಗುವ ಹಾಗೆ ಬರೆದಿದ್ದರು. ಜನ ಪತ್ರಿಕೆ ಬಂದ ತಕ್ಷಣ ಮೊದಲು ಓದುತ್ತಿದ್ದದ್ದು ಆ ಪುಟವನ್ನೇ.

ಈ ಸಲ ಅಂಕಲ್‌ಗೆ ತಾವೇ ಅಧ್ಯಕ್ಷರಾಗಬೇಕೆಂಬ ಆಸೆ. ಯುಗಾದಿ ಕಾರ್ಯಕ್ರಮದ ದಿನವೇ ಸಂಘದ ವಾರ್ಷಿಕ ಸಭೆ, ಅಲ್ಲೇ ಆಯ್ಕೆ. ಒಂದು ತೊಡಕಿತ್ತು. ಸಂಘದ ನಿಯಮದ ಪ್ರಕಾರ ಪತ್ರಿಕೆಯ ಸಂಪಾದಕರು ಚುನಾವಣೆಗೆ ನಿಲ್ಲುವಂತಿಲ್ಲ. ನಿಲ್ಲಬೇಕಾದರೆ ಮೊದಲು ಪತ್ರಿಕೆ ಬಿಡಬೇಕು. ಬಿಟ್ಟು ಸೋತರೆ ಎರಡೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಂಕಲ್ ಕೇಳಿದರು. "ಅಲ್ಲವಾ, ನಿಮ್ಮ ಸಂಪಾದಕ ಎಲೆಕ್ಷನ್ ಹೆಂಗ ಗೆದ್ದಾ? ಅದನ್ನ ಹೇಳು ಮೊದಲ."

"ಇನ್ನೂ ಓದಬೇಕು ಅಂಕಲ್. ಹ್ಯೂಸ್ಟನ್‌ನಲ್ಲಿ ಅವನ ಪತ್ರಿಕೆಯ ಮೈಕ್ರೋಫಿಲ್ಮ್ ಇದೆ, ಆಸ್ಟಿನ್‌ನಲ್ಲಿ ಶಾಸನಸಭೆಯ ದಾಖಲೆಗಳಿವೆ."

"ಹಂಗಾರ ನಾನ ಕರಕೊಂಡು ಹೋಗ್ತೀನಿ. ನನಗೂ ಅಭ್ಯಾಸ ಆಗ್ತದ."

ಆಂಟಿ ನನ್ನ ತಟ್ಟೆಗೆ ಪಲ್ಯ ಹಾಕುತ್ತಾ, "ಇವರಿಗೆ ಬರೆಯೋಕೆ ಬರುತ್ತೆ ಕಣೆ, ಆಳೋಕೆ ಬರಲ್ಲ. ಈ ಮನೇಲಿ ಟಿವಿ ರಿಮೋಟೂ ಇವರ ಕೈಲಿಲ್ಲ" ಎಂದರು.

"ನೋಡಿದ್ಯಾ? ವಿರೋಧ ಪಕ್ಷ ಮನ್ಯಾಗ ಅದ" ಎಂದರು ಅಂಕಲ್, ಸಂತೋಷದಿಂದ.

ಹ್ಯೂಸ್ಟನ್

ಗ್ರಂಥಾಲಯದ ಒಳಗೆ ಹೊರಗಿನ ಸೆಕೆಯ ಮೇಲೆ ಸೇಡು ತೀರಿಸಿಕೊಳ್ಳುವಂಥ ಚಳಿ. ಸ್ವೆಟರ್ ಹಾಕಿಕೊಂಡು ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತೆ. ಹಳೆಯ ಪತ್ರಿಕೆಗಳ ಫಿಲ್ಮ್ ಸುರುಳಿಯನ್ನು ತಿರುಗುಮುರುಗಾಗಿ ಸಿಕ್ಕಿಸಿ ಟೆಕ್ಸಸ್‌ನ ಇತಿಹಾಸವನ್ನು ಸ್ವಲ್ಪ ಹೊತ್ತು ಬಲದಿಂದ ಎಡಕ್ಕೆ ಓದಲು ಹೆಣಗಿದೆ. ಪಕ್ಕದ ಮೇಜಿನಲ್ಲಿ ತಮ್ಮ ವಂಶವೃಕ್ಷ ಹುಡುಕುತ್ತಿದ್ದ ಅಜ್ಜಿಯೊಬ್ಬರು ಕೇಳದೆಯೇ ಎದ್ದು ಬಂದು ಸುರುಳಿ ತಿರುಗಿಸಿಕೊಟ್ಟು, ನನ್ನನ್ನು ಇಲ್ಲಿಯವರ ಅಕ್ಕರೆಯ 'ಹನೀ' ಎಂದು ಕರೆದು, ತಮ್ಮ ಮುತ್ತಜ್ಜ ಕುದುರೆ ಕದ್ದು ಜೈಲಿಗೆ ಹೋದದ್ದನ್ನು ಹೆಮ್ಮೆಯಿಂದ ಹೇಳಿ ಹೋದರು. ನಮ್ಮಲ್ಲಿ ವಂಶವೃಕ್ಷ ಬರೆಸುವವರು ಇಂಥ ಕೊಂಬೆಗಳನ್ನು ಮೊದಲೇ ಕಡಿಯುತ್ತಾರೆ.

ಸಂಪಾದಕನ ಕಥೆ ಇಷ್ಟು. ಪೂರ್ವದ ರಾಜ್ಯವೊಂದರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಲು ಸೇರಿದ. ಹಡಗು ಹತ್ತಿ ಟೆಕ್ಸಸ್‌ಗೆ ಬಂದು ಹ್ಯೂಸ್ಟನ್‌ನಲ್ಲಿ ಕೆಲವು ವರ್ಷ ದುಡಿದ. ಆಮೇಲೆ ಹಳೆಯ ಕೈಮುದ್ರಣ ಯಂತ್ರವೊಂದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹತ್ತಿ ಬೆಳೆಯುವ ಸೀಮೆಯ ಪುಟ್ಟ ಊರಿಗೆ ಹೋಗಿ ವಾರಪತ್ರಿಕೆ ಶುರುಮಾಡಿದ. ನಾಲ್ಕು ಪುಟ. ಮೊದಲ ಪುಟದಲ್ಲಿ ಯೂರೋಪಿನ ರಾಜರು, ಕೊನೆಯ ಪುಟದಲ್ಲಿ ಕಳೆದುಹೋದ ಹಸುಗಳು. ನಡುವೆ ಆಸ್ಟಿನ್‌ಗೆ ಶಾಸಕರಾಗಿ ಹೋದವರ ಬಗ್ಗೆ ಅವನ ಗೇಲಿ. ಅದನ್ನು ಓದುತ್ತಾ ಆ ನಿಶ್ಶಬ್ದ ಕೋಣೆಯಲ್ಲಿ ನಾನು ನಕ್ಕಿದ್ದೇನೆ.

ಕೆಲವು ವರ್ಷಗಳ ನಂತರದ ಸಂಚಿಕೆಗಳಲ್ಲಿ ಓದುಗರ ಪತ್ರಗಳು ಬರತೊಡಗುತ್ತವೆ. 'ಒಬ್ಬ ರೈತ' ಎಂಬವನು ಸಂಪಾದಕರೇ ಚುನಾವಣೆಗೆ ನಿಲ್ಲಬೇಕೆಂದು ಬೇಡುತ್ತಾನೆ. ಸಂಪಾದಕ ನಮ್ರನಾಗಿ ನಿರಾಕರಿಸುತ್ತಾನೆ. ಮುಂದಿನ ವಾರ 'ಹಳೆಯ ನಿವಾಸಿ' ಬೇಡುತ್ತಾನೆ. ಮತ್ತೆ ನಿರಾಕರಣೆ, ಇನ್ನೂ ನಮ್ರ. ಮೂರನೆಯ ವಾರ 'ಅನೇಕ ಮತದಾರರು' ಬೇಡಿದಾಗ ಜನರ ಇಚ್ಛೆಗೆ ತಲೆಬಾಗುತ್ತಾನೆ. ಆ ಕಾಲದಲ್ಲಿ ಪದವಿಯನ್ನು ತಾನಾಗಿ ಕೇಳುವುದು ಮರ್ಯಾದೆಯಲ್ಲ, ಪದವಿಯೇ ಹುಡುಕಿಕೊಂಡು ಬರಬೇಕು. ರೈತ, ಹಳೆಯ ನಿವಾಸಿ, ಅನೇಕ ಮತದಾರರು ಎಲ್ಲರೂ ಸಂಪಾದಕನ ಶೈಲಿಯಲ್ಲೇ ಬರೆಯುತ್ತಾರೆ. ಒಂದೇ ಉಪಮೆಯಿಂದ ಶುರುಮಾಡಿ ಮಳೆಯ ಮಾತಿನಿಂದ ಮುಗಿಸುತ್ತಾರೆ. ಮೂರೂ ಅವನೇ ಬರೆದದ್ದೆಂದು ನಾನು ಪ್ರಮಾಣ ಮಾಡಲಾರೆ. ಪುಸ್ತಕದಲ್ಲಿ 'ಬಹುಶಃ' ಎಂದು ಬರೆಯುತ್ತೇನೆ.

ಗೆದ್ದ ರೀತಿ ಮಾತ್ರ ನಗುವಂಥದ್ದಲ್ಲ. ಅಂತರ್ಯುದ್ಧ ಮುಗಿದು, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ಮತದಾನದ ಹಕ್ಕು ಬಂದಿದ್ದ ಕಾಲ ಅದು. ಅವರ ಬಗ್ಗೆ ಸಂಪಾದಕ ಬರೆದದ್ದನ್ನು ನಾನು ಕನ್ನಡಕ್ಕೆ ತರಲಾರೆ. ಚುನಾವಣೆಯ ದಿನ ಬಂದೂಕು ಹಿಡಿದ ಸವಾರರು ಅವರನ್ನು ಮತಗಟ್ಟೆಯ ದಾರಿಯಲ್ಲೇ ತಡೆದು ಹಿಂದಕ್ಕೆ ಅಟ್ಟಿದರೆಂದು ಬೇರೆ ದಾಖಲೆಗಳಲ್ಲಿದೆ. ಮತದಾನ ಶಾಂತವಾಗಿ ನಡೆಯಿತೆಂದು ಆ ವಾರದ ಪತ್ರಿಕೆ ಹೇಳುತ್ತದೆ. ಪತ್ರಿಕೆ ಯಾರದೆಂಬುದನ್ನು ಮರೆಯಬಾರದು.

ನಾನು ಓದುತ್ತಿದ್ದಾಗ ಅಂಕಲ್ ಹ್ಯೂಸ್ಟನ್ ಅಂಚಿನ ಕ್ಲಿಯರ್ ಲೇಕ್‌ಗೆ ಹೋಗಿದ್ದರು. ಅಲ್ಲಿನ ಬಾಹ್ಯಾಕಾಶ ಕೇಂದ್ರದ ಸುತ್ತ ಕನ್ನಡದ ಎಂಜಿನಿಯರುಗಳಿದ್ದಾರೆ. ಯುಗಾದಿ ಸಂಚಿಕೆಗೆ ಲೇಖನ ಕೇಳುವುದು ಉದ್ದೇಶ. ಸಂಜೆ ಬೇಸರದಲ್ಲಿ ಹಿಂತಿರುಗಿದರು. "ರಾಕೆಟ್ ಬಗ್ಗೆ ಬರಿಯಪಾ ಅಂದ್ರ ಎಲ್ಲಾರೂ ಹೋಳಿಗಿ ಬಗ್ಗೆ ಬರೀತೀನಿ ಅಂತಾರ. ಆಕಾಶದಾಗ ಕೆಲಸ, ಮನಸ್ಸೆಲ್ಲಾ ಅಡಗಿಮನ್ಯಾಗ."

ಕಾರಿನಲ್ಲಿ ಪತ್ರಗಳ ಕಥೆ ಹೇಳಿದೆ. ಅಂಕಲ್ ಸ್ಟಿಯರಿಂಗ್ ಮೇಲೆ ಕೈ ಬಡಿದರು. "ಭಾಳ ಶಾಣ್ಯಾ ಅದಾನಲ್ಲವಾ ನಿಮ್ಮಾಂವ! ಅಗದೀ ನಮ್ಮಂಗ. ಎರಡ ಸಲ ಬ್ಯಾಡ ಅನ್ನೂದು, ಮೂರನೇದಕ್ಕ ಹೂಂ ಅನ್ನೂದು. ಮೊದಲ ಸಲಕ್ಕ ಹೂಂ ಅಂದ್ರ ಮಂದಿ ಏನಂದಾರು?"

ಸವಾರರ ಕಥೆಯನ್ನೂ ಹೇಳಿದೆ. ಅಂಕಲ್ ಎಸಿಯ ಗಾಳಿ ನನ್ನ ಕಡೆ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸಿದರು.

ಆಸ್ಟಿನ್‌ಗೆ ಹೋಗುವ ದಾರಿ

ವಸಂತದಲ್ಲಿ ಈ ದಾರಿಯ ಎರಡೂ ಬದಿ ಬ್ಲೂಬಾನೆಟ್ ಎಂಬ ನೀಲಿ ಕಾಡುಹೂವು. ಮೈಲುಗಟ್ಟಲೆ ಇರುತ್ತದೆ. ಜನ ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೊ ತೆಗೆಯುತ್ತಾರೆ. ಅಪ್ಪಂದಿರು ಮಕ್ಕಳನ್ನು ಕೂರಿಸುವ ಮೊದಲು ಹಾವು ಇದೆಯೇ ಎಂದು ಕಾಲಿನಿಂದ ಹೂವು ತುಳಿದು ನೋಡುತ್ತಾರೆ. ಆದ್ದರಿಂದ ಫೋಟೊದಲ್ಲಿ ಮಕ್ಕಳ ಸುತ್ತ ಮಾತ್ರ ಹೂವಿರುವುದಿಲ್ಲ.

ಸಂಪಾದಕನ ಊರು ಈ ದಾರಿಯಲ್ಲೇ ಸಿಗುತ್ತದೆ. ಪತ್ರಿಕೆಯ ಕಚೇರಿ ಇದ್ದ ಜಾಗದಲ್ಲಿ ಈಗ ನಾಯಿಗಳಿಗೆ ಕ್ಷೌರ ಮಾಡುವ ಅಂಗಡಿ. ಸ್ಮಶಾನದಲ್ಲಿ ಓಕ್ ಮರದ ಕೆಳಗೆ ಅವನ ಕಲ್ಲು. ಮೂರು ದಶಕ ಸಂಪಾದಕನಾಗಿದ್ದವನು, ಒಂದೇ ಅವಧಿಗೆ ಶಾಸಕನಾಗಿದ್ದವನು. ಕಲ್ಲಿನ ಮೇಲೆ ಮಾನ್ಯ ಶಾಸಕರು ಎಂದಿದೆ. ಪತ್ರಿಕೆಯ ಹೆಸರೇ ಇಲ್ಲ.

ನನಗೆ ಇದು ದೊಡ್ಡ ಅನ್ಯಾಯವಾಗಿ ಕಂಡಿತು. ಅಂಕಲ್ ಬೂಟಿಗೆ ಅಂಟಿದ ಹುಲ್ಲು ಕೊಡವುತ್ತಾ ಆ ಕಲ್ಲನ್ನೇ ನೋಡಿದರು.

"ನೋಡವಾ, ಕಲ್ಲಿನ ಮ್ಯಾಲೆ ಏನುಳೀತು? ಬರದದ್ದು ಯಾವನಿಗೂ ನೆನಪಿರೂದಿಲ್ಲ."

"ಅವನು ಬರೆದದ್ದಕ್ಕಾಗಿಯೇ ನಾನು ಇಷ್ಟು ದೂರ ಬಂದಿದ್ದೇನೆ ಅಂಕಲ್."

"ನೀ ಒಬ್ಬಾಕಿ ಬಂದಿ" ಎಂದರು. ಅದರಲ್ಲಿ ಕುಹಕವಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ಆಸ್ಟಿನ್

ಶಾಸನಸಭೆಯ ಕಟ್ಟಡ ನಸುಗೆಂಪು ಕಲ್ಲಿನದು, ಗುಮ್ಮಟವಿದೆ. ಇಲ್ಲಿಯವರು ವಾಷಿಂಗ್ಟನ್ನಿನ ಗುಮ್ಮಟಕ್ಕಿಂತ ತಮ್ಮದೇ ಎತ್ತರ ಎಂದು ಪ್ರತಿ ಪ್ರವಾಸಿಗೂ ಹೇಳುತ್ತಾರೆ. ವಿಧಾನಸೌಧ ನೋಡಿ ಬೆಳೆದವರಿಗೆ ಇದರ ದೊಡ್ಡ ವಿಶೇಷ ಬೇರೆ: ಯಾರು ಬೇಕಾದರೂ ಒಳಗೆ ಹೋಗಬಹುದು. ಬಾಗಿಲಲ್ಲಿ ಚೀಲ ನೋಡುತ್ತಾರೆ, ಯಾರ ಕಡೆಯವರು ಎಂದು ಕೇಳುವುದಿಲ್ಲ.

ಹಳೆಯ ಕಲಾಪಗಳನ್ನು ಓದಿದೆ. ವಾರಕ್ಕೆ ನಾಲ್ಕು ಪುಟ ತುಂಬಿಸುತ್ತಿದ್ದ ಮನುಷ್ಯ ಸದನದಲ್ಲಿ ಹೆಚ್ಚುಕಡಿಮೆ ಬಾಯೇ ಬಿಟ್ಟಿಲ್ಲ. ಅವನ ಹೆಸರು ಬರುವುದು ಬಹುತೇಕ ರಜೆ ಕೇಳುವಾಗ. ಬೀದಿಯಲ್ಲಿ ಅಲೆಯುವ ಹಂದಿಗಳನ್ನು ಕಟ್ಟಿಹಾಕಬೇಕೆಂಬ ಮಸೂದೆಯೊಂದನ್ನು ತಂದ. ಅದನ್ನು ಮುಂದೂಡಿದರು. ಅವನಿಲ್ಲದಾಗ ಪತ್ರಿಕೆ ನೋಡಿಕೊಂಡ ಭಾವಮೈದುನ ಹಸುಗಳ ಸುದ್ದಿಯನ್ನು ಮೊದಲ ಪುಟಕ್ಕೆ ತಂದುಬಿಟ್ಟಿದ್ದ. ಮುಂದಿನ ಚುನಾವಣೆಯಲ್ಲಿ ಸೋತು ಸಂಪಾದಕ ಊರಿಗೆ ಮರಳಿದ, ಪತ್ರಿಕೆಗೆ ಕೂತ, ಮೊದಲಿನಂತೆ ಶಾಸಕರನ್ನು ಗೇಲಿ ಮಾಡತೊಡಗಿದ. ತಾನೂ ಒಂದು ಕಾಲಕ್ಕೆ ಅವರಲ್ಲೊಬ್ಬನಾಗಿದ್ದೆ ಎಂಬ ಮಾತು ಎಲ್ಲಿಯೂ ಇಲ್ಲ. ಅವನ ಬರವಣಿಗೆಯಲ್ಲಿ ಅತ್ಯುತ್ತಮವಾದದ್ದು ಈ ಕೊನೆಯ ಭಾಗ.

ಇದನ್ನೆಲ್ಲ ಹೊರಗೆ ಹುಲ್ಲಿನ ಮೇಲಿನ ಬೆಂಚಿನಲ್ಲಿ ಕೂತು ಅಂಕಲ್‌ಗೆ ಹೇಳಿದೆ. ಅಧ್ಯಕ್ಷಗಿರಿಯ ಆಸೆ ಇಳಿಯಲಿ ಎಂದೇ ಹೇಳಿದೆ.

"ಆದ್ರೂ ಗೆದ್ದನಲಾ!" ಎಂದರು ಅಂಕಲ್.

ಅಲ್ಲೇ ಕೂತು ಫೋನಿನಲ್ಲಿ ಸಂಪಾದಕ ಸ್ಥಾನಕ್ಕೆ ರಾಜೀನಾಮೆ ಬರೆದು ನನಗೆ ಓದಲು ಕೊಟ್ಟರು. ಚೆನ್ನಾಗಿತ್ತು, ಕಳಿಸಬಾರದಿತ್ತು. ಒಂದು ಅಲ್ಪವಿರಾಮ ಹೆಚ್ಚಾಗಿತ್ತು. ನಾನು ಅಲ್ಪವಿರಾಮದ ವಿಷಯ ಮಾತ್ರ ಹೇಳಿದೆ. ಅದನ್ನು ತೆಗೆದು ಕಳಿಸಿದರು.

ಮತ್ತೆ ಡಲ್ಲಾಸ್

ಯುಗಾದಿಯ ಸಭೆ ಬಾಡಿಗೆಗೆ ಹಿಡಿದ ಶಾಲೆಯೊಂದರ ಸಭಾಂಗಣದಲ್ಲಿ. ಬಾಗಿಲಲ್ಲಿ ಬೇವುಬೆಲ್ಲ ಕೊಟ್ಟರು. ಮಕ್ಕಳ ನೃತ್ಯ ಮುಗಿದು ಸಭೆ ಶುರುವಾಗುವ ಹೊತ್ತಿಗೆ ಹಿಂದಿನ ಕೋಣೆಯಿಂದ ಒಬ್ಬಟ್ಟಿನ ಸಾರಿನ ವಾಸನೆ ಬರತೊಡಗಿತ್ತು. ಜನರ ಮುಖ ನಿಧಾನವಾಗಿ ಅತ್ತ ತಿರುಗುತ್ತಿತ್ತು.

ಹಿಂದಿನ ಸಲದ ಆಯ್ಕೆಯಲ್ಲಿ ಮನಸ್ತಾಪವಾಗಿತ್ತಂತೆ. ಹಾಗಾಗಿ ಈ ಸಲ ಯಾರ ಪೈಕಿಯೂ ಅಲ್ಲದ ಚುನಾವಣಾಧಿಕಾರಿ ಬೇಕೆಂದು ಮೇಘನಾಳನ್ನು ಆರಿಸಿದ್ದರು. ಪಕ್ಕದ ರಿಚರ್ಡ್‌ಸನ್‌ನಲ್ಲಿ ಹುಟ್ಟಿ ಅಲ್ಲೇ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ. ರೇಷ್ಮೆ ಲಂಗ ತೊಟ್ಟು, ನಿಯಮಾವಳಿ ಹಿಡಿದು ವೇದಿಕೆಯ ಮೇಲೆ ನಿಂತಿದ್ದಳು.

ಹಿರಿಯರೊಬ್ಬರು ಎದ್ದು ವಿರೂಪಾಕ್ಷ ಅವರ ಹೆಸರು ಸೂಚಿಸಿದರು. ಇನ್ನೊಬ್ಬರು ಅನುಮೋದಿಸಿದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಜುಬ್ಬಾದಲ್ಲಿದ್ದ ಅಂಕಲ್ ಎದ್ದು ಸಭೆಗೆ ಕೈಮುಗಿದರು.

"ನನಗ್ಯಾಕ್ರಿ? ಬ್ಯಾಡ್ರಿ. ನನಗಿಂತ ದೊಡ್ಡವರು ಭಾಳ ಮಂದಿ ಅದಾರ."

ಹೇಳಿ ಕೂತರು. ಕೂತ ರೀತಿಯಲ್ಲೇ ಮತ್ತೆ ಏಳಲು ತಯಾರಿ ಇತ್ತು.

"ಓಕೆ. ಅಂಕಲ್ ಡಿಕ್ಲೈನ್ ಮಾಡಿದ್ದಾರೆ" ಎಂದಳು ಮೇಘನಾ. ಪೆನ್ನಿನಿಂದ ಏನೋ ಗೀಚಿದಳು. "ಥ್ಯಾಂಕ್ಯೂ ಅಂಕಲ್. ನೆಕ್ಸ್ಟ್?"

ಅಂಕಲ್ ಅರ್ಧ ಎದ್ದರು. ಅತ್ತಿತ್ತ ನೋಡಿದರು. ಸೂಚಿಸಿದ ಹಿರಿಯರು ಅನುಮೋದಿಸಿದವರನ್ನು ನೋಡಿದರು, ಅನುಮೋದಿಸಿದವರು ಸೂಚಿಸಿದವರನ್ನು. ಒತ್ತಾಯಿಸುವುದು ಇನ್ನೊಬ್ಬರ ಕೆಲಸ ಎಂದು ಸಭೆಯಲ್ಲಿದ್ದ ಪ್ರತಿಯೊಬ್ಬರೂ ನಂಬಿದ ಹಾಗಿತ್ತು. ಟೆಕ್ಸಸ್‌ನ ಸಂಪಾದಕನಿಗೆ ಈ ತೊಂದರೆ ಇರಲಿಲ್ಲ. ಬೇಡ ಎನ್ನುವವನೂ ಅವನೇ, ಬೇಡುವವರೂ ಬಹುಶಃ ಅವನೇ.

ಅಂಕಲ್ ಕೊನೆಗೆ ಆಂಟಿಯ ಕಡೆ ನೋಡಿದರು. ಆಂಟಿ ನನ್ನ ಪಕ್ಕದಲ್ಲಿದ್ದರು. ಅವರು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು, ಬಹಳ ಶ್ರದ್ಧೆಯಿಂದ.

"ಆಂಟಿ, ಏನಾದರೂ ಹೇಳಿ" ಎಂದು ಪಿಸುಗುಟ್ಟಿದೆ.

"ಹೇಳ್ತೀನಿ ಕಣೆ. ಈಗಲ್ಲ."

ಯಾರೋ ಪ್ರಸಾದ್ ಅವರ ಹೆಸರು ಹೇಳಿದರು. ಬೆಂಗಳೂರಿನ ಸಾಫ್ಟ್‌ವೇರ್‌ನವರು, ದೀಪಾವಳಿಯ ಆ ಊಟದ ಸಾಲಿನ ಉಸ್ತುವಾರಿ ಅವರದೇ ಆಗಿತ್ತು. ಒಪ್ಪಿಗೆಯೇ ಎಂದು ಮೇಘನಾ ಕೇಳಿದಳು. "ಶೂರ್" ಎಂದರು ಪ್ರಸಾದ್. ಅಷ್ಟೇ. ಅವಿರೋಧ ಆಯ್ಕೆ, ಚಪ್ಪಾಳೆ, ಊಟ.

ಅಂಕಲ್ ಒಬ್ಬಟ್ಟು ಬೇಡ ಎಂದರು. ಬಡಿಸುತ್ತಿದ್ದವರು ಎರಡು ಹಾಕಿ, ತುಪ್ಪವನ್ನೂ ಸುರಿದು ಹೋದರು. ಬಡಿಸುವವರು ಮಾತ್ರ ಇನ್ನೂ ಹಳೆಯ ಪದ್ಧತಿಯವರು.

ವಾಪಸು ಬರುವಾಗ ಕಾರಿನಲ್ಲಿ ಆಂಟಿ ಮುಂದೆ ಕೂತರು, ನಾನು ಹಿಂದೆ. ಹೆದ್ದಾರಿ ಸೇರಿದ ಮೇಲೆ ಅಂಕಲ್, "ಪತ್ರಿಕಾನೂ ಹೋತು" ಎಂದರು. ನನಗಾಗಲಿ ಆಂಟಿಗಾಗಲಿ ಹೇಳಿದ್ದಲ್ಲ, ಮುಂದಿದ್ದ ಲಾರಿಗೆ ಹೇಳಿದ ಹಾಗಿತ್ತು. ಸ್ಮಶಾನದಲ್ಲೂ ಆ ಧ್ವನಿಯನ್ನು ನಾನು ಕೇಳಿರಲಿಲ್ಲ. ಆಸ್ಟಿನ್‌ನ ಬೆಂಚಿನ ಮೇಲೆ ಆ ರಾಜೀನಾಮೆಯನ್ನು ಅವರು ಎಷ್ಟು ಖುಷಿಯಿಂದ ಬರೆದಿದ್ದರು.

ಆಗ ಫೋನ್ ಬಂತು. ಕಾರಿನ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಹೊಸ ಅಧ್ಯಕ್ಷರು.

"ಅಂಕಲ್, ಪ್ರಸಾದ್ ಮಾತಾಡ್ತಿರೋದು. ಊಟ ಆದ್ಮೇಲೆ ಎಲ್ಲರೂ ನನ್ನ ಹಿಡ್ಕೊಂಡ್ರು. ಪತ್ರಿಕೆ ನೀವೇ ನೋಡ್ಕೋಬೇಕಂತೆ. ಬೇರೆ ಯಾರು ಬರೆದ್ರೂ ಓದಲ್ಲ ಅಂತಿದ್ದಾರೆ."

ಅಂಕಲ್ ಬೆನ್ನು ನೆಟ್ಟಗಾಯಿತು. ಕನ್ನಡಿಯಲ್ಲಿ ಅವರ ಕಣ್ಣು ಕಂಡಿತು. ಬಾಯಿ ತೆರೆದರು.

"ಬ್ಯಾಡಪಾ, ನನಗ್ಯಾಕ? ಹುಡುಗರಿಗೆ ಕೊಡ್ರಿ."

"ಓಹ್. ಸರಿ ಅಂಕಲ್, ನಿಮ್ಮಿಷ್ಟ. ಹಾಗಾದ್ರೆ ನಾನು—"

ಆಂಟಿ ಸೀಟ್ ಬೆಲ್ಟ್ ಎಳೆದುಕೊಂಡೇ ಮುಂದೆ ಬಾಗಿದರು.

"ಪ್ರಸಾದ್, ಫೋನ್ ಇಡಬೇಡಪ್ಪ. ಇನ್ನೆರಡು ಸಲ ಕೇಳು."

"ಆಂಟಿ?"

"ಕೇಳಪ್ಪ, ಅಂದೆ."

"ಅಂಕಲ್, ಪ್ಲೀಸ್. ನೀವೇ ಮಾಡ್ಬೇಕು."

"ನೋಡೂಣು" ಎಂದರು ಅಂಕಲ್.

ಪ್ರಸಾದ್ ಮೂರನೆಯ ಸಲಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಂಕಲ್ ಅಷ್ಟು ಕಾಯಲಿಲ್ಲ.

"ಮುಂದಿನ ಸಂಚಿಕೆಗೆ 'ಅಧ್ಯಕ್ಷರ ಮಾತು' ಶುಕ್ರವಾರದೊಳಗ ಕಳಸು. ಉದ್ದ ಬರೀಬ್ಯಾಡ."